ಮನೆಯೊಳಗಿನ ಕಡಲಿಗೆ ಎಷ್ಟು ಉಪ್ಪು?

ಒಂದೇ ಬಕೆಟ್ ನೀರು. ಅದರಲ್ಲಿ ತೇಲಿಬಿಟ್ಟ ಗಾಜಿನ ಹೈಡ್ರೋಮೀಟರ್ 1.024 ಎನ್ನುತ್ತದೆ. ಆನ್‌ಲೈನಿನಲ್ಲಿ ತರಿಸಿದ ರಿಫ್ರಾಕ್ಟೋಮೀಟರಿಗೆ ಕಣ್ಣು ಹಚ್ಚಿದರೆ ಗೆರೆ 36 ದಾಟಿ ನಿಂತಿದೆ. ಗೆಳೆಯರಿಂದ ಎರವಲು ತಂದ ಡಿಜಿಟಲ್ ಪೆನ್ನಿನಲ್ಲಿ 33.8 ಕಾಣುತ್ತದೆ. ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಕಟ್ಟುವವರು ಒಂದಲ್ಲ ಒಂದು ದಿನ ಈ ಗೊಂದಲಕ್ಕೆ ಬಂದು ನಿಲ್ಲುತ್ತಾರೆ. ಕೆಲವರು ಮೂರರ ಸರಾಸರಿ ತೆಗೆಯುತ್ತಾರೆ, ಕೆಲವರು ಬೆಲೆ ಜಾಸ್ತಿಯಿರುವ ಉಪಕರಣವನ್ನು ನಂಬುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ಯಾಕೆಂದರೆ ಈ ಮೂರರಲ್ಲಿ ಯಾವುದೂ ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ಒಂದು ನೀರಿನ ಸಾಂದ್ರತೆಯನ್ನು ನೋಡುತ್ತದೆ, ಇನ್ನೊಂದು ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು, ಮತ್ತೊಂದು ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಅಲ್ಲಿಂದ ಉಪ್ಪಿನ ಲೆಕ್ಕಕ್ಕೆ ಬರಲು ಒಂದು ಹೋಲಿಕೆ ಬೇಕು: ಇಷ್ಟೇ ಉಪ್ಪಿದೆ ಎಂದು ಖಚಿತವಾಗಿ ಗೊತ್ತಿರುವ ಇನ್ನೊಂದು ನೀರು ಕೈಯಲ್ಲಿರಬೇಕು. ಆ ನೀರಿಲ್ಲದೆ ಕೊಂಡ ಯಾವ ಮೀಟರನ್ನೂ ನಂಬಲಾಗದು. ಮೀನಿಗಿಂತ ಮೊದಲು ಮನೆಗೆ ಬರಬೇಕಾದದ್ದು ಆ ನೀರಿನ ಪುಟ್ಟ ಬಾಟಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗಪ್ಪಿ, ಗೋಲ್ಡ್‌ಫಿಶ್ ಸಾಕಿದವರಿಗೆ ಇದೆಲ್ಲ ಅತಿಯಾಯಿತು ಎನಿಸಬಹುದು. ಕಡಲ ಜೀವಿಗಳ ಪಾಡು ಬೇರೆ. ಸಾಮಾನ್ಯವಾದ ಕಡಲ ಮೀನಿನ ರಕ್ತದಲ್ಲಿರುವ ಲವಣಾಂಶ ಸುತ್ತಲಿನ ನೀರಿನಲ್ಲಿರುವುದರ ಸುಮಾರು ಮೂರನೇ ಒಂದು ಪಾಲು. ಹಾಗಾಗಿ ಅದರ ಮೈಯ ನೀರು ಕಿವಿರುಗಳ ಮೂಲಕ ಸದಾ ಹೊರಕ್ಕೆ ಸೋರುತ್ತಿರುತ್ತದೆ. ಆ ನಷ್ಟ ತುಂಬಿಕೊಳ್ಳಲು ಮೀನು ಹಗಲಿರುಳು ಉಪ್ಪುನೀರನ್ನೇ ಕುಡಿಯುತ್ತದೆ. ಒಳಬಂದ ಉಪ್ಪನ್ನು ಕಿವಿರಿನಲ್ಲಿರುವ ವಿಶೇಷ ಜೀವಕೋಶಗಳು ಶಕ್ತಿ ಖರ್ಚು ಮಾಡಿ ಹೊರಗೆ ದಬ್ಬುತ್ತವೆ. ಉಪ್ಪು ಸ್ವಲ್ಪ ಕಡಿಮೆಯಾದರೆ ಮೀನಿನ ಶ್ರಮ ಕಡಿಮೆ. ಒಮ್ಮೆಲೇ ಏರಿದರೆ ಅದರ ಮೈ ಒಣಗತೊಡಗುತ್ತದೆ. ಹವಳ, ನಕ್ಷತ್ರಮೀನು, ಕಡಲಚಿಳ್ಳೆಗಳಿಗೆ ಈ ಏರ್ಪಾಡೂ ಇಲ್ಲ. ಅವುಗಳ ಒಳಗಿನ ದ್ರವಕ್ಕೂ ಹೊರಗಿನ ನೀರಿಗೂ ಉಪ್ಪಿನ ಮಟ್ಟ ಹೆಚ್ಚುಕಮ್ಮಿ ಒಂದೇ. ಹೊರಗೆ ಬದಲಾದದ್ದು ಒಳಗೂ ಕೂಡಲೇ ಬದಲಾಗುತ್ತದೆ. ಎರಡು ಪಿಪಿಟಿಯ ಏರುಪೇರನ್ನು ಕ್ಲೌನ್ ಮೀನು ಸಹಿಸಿಕೊಂಡೀತು. ಅದೇ ಟ್ಯಾಂಕಿನ ನಕ್ಷತ್ರಮೀನು ಸಹಿಸುವ ಖಾತ್ರಿಯಿಲ್ಲ.

ಪಿಪಿಟಿ ಎಂದರೆ ಸಾವಿರಕ್ಕೆ ಎಷ್ಟು ಪಾಲು ಎಂದು. ಒಂದು ಕಿಲೋ ಕಡಲನೀರಿನಲ್ಲಿ ಸರಾಸರಿ 35 ಗ್ರಾಂ ಲವಣ ಕರಗಿರುತ್ತದೆ. ಗಂಗೆ, ಬ್ರಹ್ಮಪುತ್ರೆಗಳ ನೀರು ಬಂದು ಸೇರುವ ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ಇದಕ್ಕಿಂತ ಕಡಿಮೆ, ಆವಿಯಾಗುವ ನೀರೇ ಹೆಚ್ಚಾಗಿರುವ ಅರಬ್ಬೀ ಸಮುದ್ರದಲ್ಲಿ ಸ್ವಲ್ಪ ಹೆಚ್ಚು, ಕೆಂಪು ಸಮುದ್ರದಲ್ಲಿ 40ರ ಆಸುಪಾಸು. ಹವಳ ಬೆಳೆಸುವವರು ಸಾಧಾರಣವಾಗಿ 35ನ್ನೇ ಗುರಿಯಾಗಿಟ್ಟುಕೊಳ್ಳುತ್ತಾರೆ.

ಒಂದು ಕಿಲೋ ನೀರನ್ನು ಬತ್ತಿಸಿ, ಉಳಿದ ಉಪ್ಪನ್ನು ತೂಗಿದರಾಯಿತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಹತ್ತೊಂಬತ್ತನೇ ಶತಮಾನದ ರಸಾಯನಶಾಸ್ತ್ರಜ್ಞರಿಗೂ ಹೊಳೆದಿತ್ತು. ತೊಡಕು ಇರುವುದು ಮೆಗ್ನೀಸಿಯಂ ಕ್ಲೋರೈಡಿನಲ್ಲಿ. ಅದು ಹಿಡಿದಿಟ್ಟ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಇನ್ನಷ್ಟು ಕಾಯಿಸಿದರೆ ತಾನೇ ಒಡೆದು, ಕ್ಲೋರಿನ್ನಿನ ಒಂದು ಪಾಲು ಆಮ್ಲದ ಹೊಗೆಯಾಗಿ ಹೋಗಿಬಿಡುತ್ತದೆ. ಆದ್ದರಿಂದ ವಿಜ್ಞಾನಿಗಳು ಸುತ್ತುದಾರಿ ಹಿಡಿಯಬೇಕಾಯಿತು. ಆ ದಾರಿ ಸಾಧ್ಯವಾದದ್ದು ಕಡಲಿನ ಒಂದು ಗುಣದಿಂದ. 1872ರ ಕೊನೆಗೆ ಇಂಗ್ಲೆಂಡಿನಿಂದ ಹೊರಟು 1876ರಲ್ಲಿ ಮರಳಿದ ಚಾಲೆಂಜರ್ ಹಡಗು ಜಗತ್ತಿನ ಸಾಗರಗಳನ್ನು ಸುತ್ತಿ ನೀರಿನ ಮಾದರಿಗಳನ್ನು ತಂದಿತ್ತು. ಅವುಗಳಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್ಮರ್ ವರ್ಷಗಟ್ಟಲೆ ಕೂತು ವಿಶ್ಲೇಷಿಸಿ, 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಪ್ಪಿನ ಒಟ್ಟು ಮೊತ್ತ ಊರಿಂದೂರಿಗೆ ಬದಲಾದರೂ ಅದರೊಳಗಿನ ಕ್ಲೋರೈಡ್, ಸೋಡಿಯಂ, ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಪರಸ್ಪರ ಪ್ರಮಾಣ ಮಾತ್ರ ಬಹುಮಟ್ಟಿಗೆ ಒಂದೇ ಆಗಿತ್ತು. ಅಲೆಕ್ಸಾಂಡರ್ ಮಾರ್ಸೆಟ್ 1819ರಲ್ಲೇ ಹೀಗಿರಬೇಕೆಂದು ಹೇಳಿದ್ದರು. ಡಿಟ್ಮರ್ ಅದನ್ನು ಅಂಕಿಗಳಲ್ಲಿ ನಿಲ್ಲಿಸಿದರು. ಅಂದಮೇಲೆ ಒಂದು ಅಂಶವನ್ನು ಅಳೆದರೆ ಉಳಿದೆಲ್ಲವೂ ಲೆಕ್ಕಕ್ಕೆ ಸಿಕ್ಕಂತೆ.

ಡೆನ್ಮಾರ್ಕಿನ ಭೌತವಿಜ್ಞಾನಿ ಮಾರ್ಟಿನ್ ಕ್ನೂಡ್ಸೆನ್ ಇದರ ಮೇಲೆಯೇ ತಮ್ಮ ಪದ್ಧತಿ ಕಟ್ಟಿದರು. ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಹಾಕಿ ಕ್ಲೋರಿನ್ ಅಂಶ ಕಂಡುಹಿಡಿಯುವುದು, 1901ರಲ್ಲಿ ಪ್ರಕಟವಾದ ಕೋಷ್ಟಕಗಳಿಂದ ಲವಣಾಂಶ ಓದಿಕೊಳ್ಳುವುದು. ಆದರೆ ಬೇರೆಬೇರೆ ದೇಶಗಳ ಪ್ರಯೋಗಾಲಯಗಳಲ್ಲಿ ಸಿಲ್ವರ್ ನೈಟ್ರೇಟಿನ ಬಲ ಒಂದೇ ಇರಬೇಕಲ್ಲ? ಅದಕ್ಕಾಗಿ ಅಟ್ಲಾಂಟಿಕ್ ಸಾಗರದ ನೀರನ್ನು ಶುದ್ಧ ಮಾಡಿ, ನಿಖರವಾಗಿ ಅಳೆದು, ಗಾಜಿನ ನಳಿಕೆಗಳಲ್ಲಿ ತುಂಬಿ, ಬಾಯಿ ಕರಗಿಸಿ ಮುಚ್ಚಿ ಎಲ್ಲೆಡೆಗೆ ಕಳಿಸುವ ವ್ಯವಸ್ಥೆ ಶುರುವಾಯಿತು. ಅದಕ್ಕೆ ಕೋಪನ್‌ಹೇಗನ್ ನೀರು ಎಂದೇ ಹೆಸರಾಯಿತು. ಶತಮಾನದ ಬಹುಪಾಲು ಕಾಲ ಜಗತ್ತಿನ ಕಡಲುಗಳ ಉಪ್ಪನ್ನು ಅಳೆದದ್ದು ಈ ನೀರಿಗೆ ಹೋಲಿಸಿಯೇ. 1970ರ ದಶಕದಲ್ಲಿ ಇದರ ತಯಾರಿ ಬ್ರಿಟನ್ನಿಗೆ ಸ್ಥಳಾಂತರವಾಯಿತು. ಇಂದಿಗೂ ಅಲ್ಲಿ ತಯಾರಾಗುತ್ತಿದೆ. 1978ರ ಹೊಸ ಮಾನದಂಡದಲ್ಲಿ ಕ್ಲೋರಿನ್ನಿನ ಜಾಗಕ್ಕೆ ವಿದ್ಯುದ್ವಾಹಕತೆ ಬಂತು. ಒಂದು ಕಿಲೋ ದ್ರಾವಣದಲ್ಲಿ 32.4356 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇದ್ದರೆ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ವಿದ್ಯುತ್ ಹರಿಯಬಿಡುತ್ತದೋ ಅಷ್ಟನ್ನೇ ಹರಿಯಬಿಡುವ ಕಡಲನೀರಿನ ಲವಣಾಂಶ 35. ನಾಲ್ಕು ದಶಮಾಂಶ ಸ್ಥಾನಗಳವರೆಗೆ ಹೋದ ಈ ಶ್ರದ್ಧೆಯ ಹಿಂದೆಯೂ ಇರುವುದು ಹೋಲಿಕೆಯೇ.

ಲವಣಗಳ ಪರಸ್ಪರ ಪ್ರಮಾಣ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಅಘನಾಶಿನಿಯ ಅಳಿವೆಯ ನೀರನ್ನು ಮಡಿಗಳಿಗೆ ಹರಿಸಿ ಬಿಸಿಲಿಗೆ ಬಿಡುತ್ತಾರೆ. ಉಪ್ಪಿನ ಉದ್ಯಮದಲ್ಲಿ ನೀರಿನ ಗಟ್ಟಿತನ ನೋಡಲು ಬಳಸುವುದೂ ಹೈಡ್ರೋಮೀಟರನ್ನೇ. ಅದರ ಅಳತೆ ಬೋಮೆ ಡಿಗ್ರಿಗಳಲ್ಲಿ. ಕಡಲನೀರು ಮೂರು, ಮೂರೂವರೆ ಡಿಗ್ರಿಯಲ್ಲಿ ಒಳಬರುತ್ತದೆ. ನೀರು ಗಟ್ಟಿಯಾಗುತ್ತ ಹೋದಂತೆ ಮೊದಲು ಕ್ಯಾಲ್ಸಿಯಂ ಜಿಪ್ಸಮ್ಮಾಗಿ ತಳ ಸೇರುತ್ತದೆ. ಸುಮಾರು 25 ಡಿಗ್ರಿಗೆ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿದ ಕಹಿ ನೀರಿನಲ್ಲಿ ಮೆಗ್ನೀಸಿಯಂ ಹೊರಟುಹೋಗುತ್ತದೆ. ನಮ್ಮ ಅಡುಗೆಮನೆಗೆ ಬರುವ ಉಪ್ಪು ಕಡಲಿನದೇ ಆದರೂ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ದಾರಿಯಲ್ಲೇ ಇಳಿದುಹೋದ ಉಪ್ಪು. ಕಲ್ಲುಪ್ಪು ಕರಗಿಸಿ ಅಕ್ವೇರಿಯಂ ತುಂಬಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಆ ನೀರಿಗೂ ಮೀಟರ್ 35 ಎಂದೇ ತೋರಿಸೀತು, ಆದರೆ ಅದರಲ್ಲಿ ಹವಳ ಬದುಕದು. ಮೀಟರಿಗೆ ಒಟ್ಟು ಮೊತ್ತ ಮಾತ್ರ ಗೊತ್ತು. ಆ ಮೊತ್ತ ಏನೇನು ಸೇರಿ ಆಯಿತು ಎಂಬುದು ಗೊತ್ತಿಲ್ಲ.

ಈಗ ಬಕೆಟ್ಟಿನ ಮೂರು ಉಪಕರಣಗಳಿಗೆ ಬರೋಣ.

ಗಾಜಿನ ಹೈಡ್ರೋಮೀಟರಿನ ಕಾಗದದ ಪಟ್ಟಿಯ ಮೇಲೆ, ಅಂಕಿಗಳ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಉಷ್ಣಾಂಶ ಅಚ್ಚಾಗಿರುತ್ತದೆ. ಬಹುತೇಕರು ಅದನ್ನು ಓದುವುದೇ ಇಲ್ಲ. 35 ಪಿಪಿಟಿ ನೀರಿನ ಸಾಪೇಕ್ಷ ಸಾಂದ್ರತೆ 25 ಡಿಗ್ರಿಯಲ್ಲಿ 1.0264 ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಹಳೆಯ ರೂಢಿಯಂತೆ 15.6 ಡಿಗ್ರಿಗೆ, ಅಂದರೆ 60 ಫ್ಯಾರನ್‌ಹೀಟಿಗೆ ಹೊಂದಿಸಿದ ಹೈಡ್ರೋಮೀಟರನ್ನು 25 ಡಿಗ್ರಿಯ ಅದೇ ನೀರಿಗೆ ಇಳಿಸಿದರೆ ಸುಮಾರು 1.024 ತೋರಿಸುತ್ತದೆ. ಬೆಚ್ಚಗಿನ ನೀರು ಹಗುರ, ಕೊಳವೆ ಹೆಚ್ಚು ಮುಳುಗುತ್ತದೆ. ಇದನ್ನು ತಿಳಿಯದೆ 1.0264 ಬರುವ ತನಕ ಉಪ್ಪು ಸುರಿದರೆ ನೀರು ಹೆಚ್ಚುಕಡಿಮೆ 38 ಪಿಪಿಟಿಗೆ ಹೋಗಿರುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಏಳುವ ಅಗ್ಗದ ಹೈಡ್ರೋಮೀಟರಿಗೆ ಬೇರೆ ರೋಗಗಳಿವೆ. ಮುಳ್ಳಿಗೆ ಒಂದೇ ಒಂದು ಗಾಳಿಗುಳ್ಳೆ ಅಂಟಿದರೂ ಅದು ಮೇಲೆದ್ದು ಉಪ್ಪು ಹೆಚ್ಚೆಂದು ತೋರಿಸುತ್ತದೆ. ತಿಂಗಳುಗಳ ಬಳಕೆಯಲ್ಲಿ ಸುಣ್ಣ ಕಟ್ಟಿದರೆ ಭಾರವಾಗಿ ಉಪ್ಪು ಕಡಿಮೆಯೆಂದು ತೋರಿಸುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸುವುದು, ಬಳಸಿದ ಮೇಲೆ ಪ್ರತಿಸಲ ಸಿಹಿನೀರಿನಲ್ಲಿ ತೊಳೆಯುವುದು, ಆಗಾಗ ವಿನೆಗರಿನಲ್ಲಿ ನೆನೆಸುವುದು ಮಾಡಿದರೆ ದಿನದಿನದ ಏರಿಳಿತ ನೋಡಲು ಅದೂ ಸಾಕು.

ಇನ್ನು ರಿಫ್ರಾಕ್ಟೋಮೀಟರ್. ಕುಂದಾಪುರ, ಕುಮಟಾ ಕಡೆಯ ಸಿಗಡಿ ಕೆರೆಗಳ ಮಾಲೀಕರ ಕೈಯಲ್ಲಿಯೂ ಕಾಣುವ, ಗೇಣುದ್ದದ ಈ ಕೊಳವೆ ನನಗೆ ಇಷ್ಟದ ಸಾಧನ. ಓರೆಯಾದ ನೀಲಿ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಪಾರದರ್ಶಕ ಮುಚ್ಚಳವನ್ನು ಗುಳ್ಳೆ ಬಾರದಂತೆ ಕೂರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಎಲ್ಲಿ ಬಂದಿದೆಯೋ ಅದೇ ಅಳತೆ. ನೀರು ಹಾಕಿದ ಕೂಡಲೇ ಓದಬಾರದು. ಅರ್ಧ ನಿಮಿಷ ಬಿಟ್ಟರೆ ಹನಿಯೂ ಗಾಜೂ ಒಂದೇ ಉಷ್ಣಾಂಶಕ್ಕೆ ಬರುತ್ತವೆ, ಅಷ್ಟರಲ್ಲಿ ಗೆರೆ ಕದಲಿ ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ತೀರಾ ಹೊತ್ತು ಬಿಟ್ಟರೂ ತಪ್ಪು. ಹನಿ ಆವಿಯಾಗಿ ಉಪ್ಪು ಏರುತ್ತದೆ. ಹಿಂದಿನ ಸಲದ ಹನಿ ಒರೆಸದೆ ಒಣಗಿದ್ದರೆ ಆ ಹರಳುಗಳು ಈ ಸಲದ ಲೆಕ್ಕಕ್ಕೆ ಸೇರುತ್ತವೆ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಉಳಿಯುವ ತಪ್ಪೊಂದಿದೆ. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ರಿಫ್ರಾಕ್ಟೋಮೀಟರುಗಳು ಕಡಲನೀರಿಗಾಗಿ ಮಾಡಿದವಲ್ಲ; ಬರೀ ಸೋಡಿಯಂ ಕ್ಲೋರೈಡ್ ದ್ರಾವಣಕ್ಕಾಗಿ ಮಾಡಿದವು. ಮೆಗ್ನೀಸಿಯಂ, ಸಲ್ಫೇಟ್ ಸೇರಿದ ಕಡಲನೀರು ಬೆಳಕನ್ನು ಬಾಗಿಸುವ ಬಗೆ ಸ್ವಲ್ಪ ಬೇರೆ. 35 ಪಿಪಿಟಿಯ ಕಡಲನೀರಿನ ವಕ್ರೀಭವನಾಂಕ 1.3394; ಅಡುಗೆ ಉಪ್ಪಿನ ನೀರು ಅಷ್ಟು ಬಾಗಿಸಬೇಕಾದರೆ ಕಿಲೋ ದ್ರಾವಣದಲ್ಲಿ 36.5 ಗ್ರಾಂ ಇರಬೇಕು. ಹೀಗಾಗಿ ಅಂಥ ಕೊಳವೆಯಲ್ಲಿ ಸರಿಯಾದ ಕಡಲನೀರು 36.5 ಎಂದು ಕಾಣುತ್ತದೆ. ಹೆಚ್ಚಾಯಿತೆಂದು ನೀರು ಬೆರೆಸಿ 35ಕ್ಕೆ ತಂದರೆ ಟ್ಯಾಂಕಿನಲ್ಲಿ ನಿಜವಾಗಿ ಇರುವುದು ಮೂವತ್ತಮೂರೂವರೆ. ಡಿಸ್ಟಿಲ್ಡ್ ನೀರು ಹಾಕಿ ಸೊನ್ನೆಗೆ ಹೊಂದಿಸಿದರೆ ಸಾಕೆಂದು ಉಪಕರಣದ ಜೊತೆಗೆ ಬರುವ ಚೀಟಿಯಲ್ಲಿ ಇರುತ್ತದೆ. ಸೊನ್ನೆ ಸರಿಯಿದ್ದ ಮಾತ್ರಕ್ಕೆ 35 ಸರಿಯಿರುವುದಿಲ್ಲ. ನಾವು ಓದುವುದು ಎಲ್ಲಿಯೋ ಅಲ್ಲಿಯೇ ಹೊಂದಿಸಬೇಕು.

ಡಿಜಿಟಲ್ ಪೆನ್ನಿನದೂ ಇದೇ ಕಥೆ. ವಿದ್ಯುದ್ವಾಹಕತೆಯ ಮೀಟರುಗಳಿಗೆ ಸಾಮಾನ್ಯವಾಗಿ ಸಿಗುವ ಹೊಂದಾಣಿಕೆ ದ್ರಾವಣದ ವಾಹಕತೆ ಸೆಂಟಿಮೀಟರಿಗೆ 1.413 ಮಿಲಿಸೀಮೆನ್ಸ್, 25 ಡಿಗ್ರಿಯಲ್ಲಿ ಕಡಲನೀರಿನದು 53. ಅಷ್ಟು ಕೆಳಗೆ ಹೊಂದಿಸಿದ ಮೀಟರ್ ಇಷ್ಟು ಮೇಲೆ ಸರಿ ಹೇಳುತ್ತದೆಂದು ನಂಬಲು ಕಾರಣವಿಲ್ಲ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ 2ರಷ್ಟು ಏರುವುದರಿಂದ ಪೆನ್ನಿನೊಳಗಿನ ಉಷ್ಣಾಂಶದ ಲೆಕ್ಕವೂ ಸರಿಯಿರಬೇಕು. ಕುಡಿಯುವ ನೀರು ನೋಡಲು ಮನೆಯಲ್ಲಿಟ್ಟುಕೊಂಡ ಟಿಡಿಎಸ್ (ಕರಗಿದ ಒಟ್ಟು ಘನಾಂಶ) ಪೆನ್ನು ಈ ಕೆಲಸಕ್ಕೆ ಬರುವುದೇ ಇಲ್ಲ. ಲೀಟರಿಗೆ ಕೆಲವು ಸಾವಿರ ಮಿಲಿಗ್ರಾಮಿಗೆ ಅದರ ಮಿತಿ ಮುಗಿಯುತ್ತದೆ.

ಹಾಗಾಗಿ ನಮ್ಮ ಬಕೆಟ್ಟಿನ ನೀರು 35 ಪಿಪಿಟಿಯೇ ಇದ್ದಿರಬಹುದು. ಹೈಡ್ರೋಮೀಟರ್ ಬೇರೆ ಉಷ್ಣಾಂಶದ್ದು, ರಿಫ್ರಾಕ್ಟೋಮೀಟರ್ ಬೇರೆ ಉಪ್ಪಿನದು, ಪೆನ್ನು ಬೇರೆ ಶ್ರೇಣಿಯಲ್ಲಿ ಹೊಂದಿಸಿದ್ದು. 35 ಪಿಪಿಟಿ ಎಂದು ಬರೆದ ಪುಟ್ಟ ಬಾಟಲಿಯೊಂದು ಕೈಯಲ್ಲಿದ್ದರೆ ಮೂರನ್ನೂ ಹತ್ತು ನಿಮಿಷದಲ್ಲಿ ದಾರಿಗೆ ತರಬಹುದು. ಬಾಟಲಿ ಕೊಳ್ಳುವಾಗ ಅದು ರಿಫ್ರಾಕ್ಟೋಮೀಟರಿಗೋ ವಾಹಕತೆಗೋ ಎಂದು ನೋಡಿಕೊಳ್ಳಬೇಕು. ನಿಜವಾದ ಕಡಲನೀರಿನ ಪ್ರಮಾಣದಲ್ಲೇ ತಯಾರಾದದ್ದಾದರೆ ಎರಡಕ್ಕೂ ಆಗುತ್ತದೆ. ರಿಫ್ರಾಕ್ಟೋಮೀಟರಿಗೆ ಮಾತ್ರವಾದರೆ ಮನೆಯಲ್ಲೂ ಮಾಡಿಕೊಳ್ಳಬಹುದು: 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಒಣಗಿದ ಪುಡಿ ಉಪ್ಪು. ಅದರಲ್ಲಿರುವ ಅಯೋಡಿನ್ ಲೆಕ್ಕಕ್ಕೆ ಬಾರದಷ್ಟು ಅಲ್ಪ. ತೂಕದ ಯಂತ್ರದ ಮಾತು ಹಾಗಲ್ಲ. ಉಪ್ಪಿನಲ್ಲಿ ಒಂದು ಗ್ರಾಂ ವ್ಯತ್ಯಾಸವಾದರೆ ಅಳತೆಯಲ್ಲಿ ಹೆಚ್ಚುಕಡಿಮೆ ಒಂದು ಪಿಪಿಟಿ ವ್ಯತ್ಯಾಸ. ಗ್ರಾಮಿನ ಹತ್ತನೇ ಒಂದು ಪಾಲನ್ನು ತೋರಿಸುವ ತಕ್ಕಡಿಯೇ ಬೇಕು. ಮಾಡಿದ ದ್ರಾವಣವನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟು, ಉಪಕರಣದ ಪಕ್ಕದಲ್ಲೇ ಇಡುವುದು ಒಳ್ಳೆಯದು; ಎರಡರ ಉಷ್ಣಾಂಶವೂ ಒಂದೇ ಆಗಿರುತ್ತದೆ.

ಹೊಸ ಟ್ಯಾಂಕಿಗೆ ನೀರು ಬೆರೆಸುವಾಗ ಪೊಟ್ಟಣದ ಮೇಲಿನ ಲೆಕ್ಕವನ್ನೇ ನೆಚ್ಚುವುದು ಕಷ್ಟ. ಅಕ್ವೇರಿಯಂ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಒಮ್ಮೆ ಬಾಯಿ ತೆರೆದಿಟ್ಟ ಚೀಲ ಗಡ್ಡೆಕಟ್ಟುವುದಕ್ಕೆ ಬಹಳ ದಿನ ಬೇಡ. ಆಮೇಲೆ ತೂಗಿದ ಗ್ರಾಮಿನಲ್ಲಿ ನೀರೂ ಸೇರಿರುತ್ತದೆ. ಟ್ಯಾಂಕಿನ ಅಳತೆಯೂ ಹೊರಗಿನ ಗಾಜಿನ ಲೆಕ್ಕ. ಕಲ್ಲು, ಮರಳು ಹಾಕಿದ ಮೇಲೆ ಒಳಗೆ ಹಿಡಿಯುವ ನೀರು ಕಡಿಮೆ. ಆದ್ದರಿಂದ ಬೇರೆ ಡ್ರಮ್ಮಿನಲ್ಲಿ ನೀರು ಮೊದಲು ತುಂಬಿ, ಪಂಪು ಓಡಿಸುತ್ತ ಉಪ್ಪು ನಿಧಾನಕ್ಕೆ ಸೇರಿಸಿ, ಸ್ವಲ್ಪ ಕಡಿಮೆಯಲ್ಲೇ ನಿಲ್ಲಿಸಿ, ರಾತ್ರಿಯೆಲ್ಲ ತಿರುಗಲು ಬಿಟ್ಟು ಬೆಳಿಗ್ಗೆ ಅಳೆಯಬೇಕು. ಉಪ್ಪಿನ ಮೇಲೆ ನೀರು ಸುರಿದರೆ ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಕೂತು ನೀರು ಹಾಲುಬಣ್ಣಕ್ಕೆ ತಿರುಗುತ್ತದೆ, ಮತ್ತೆ ಕರಗುವುದಿಲ್ಲ.

ಟ್ಯಾಂಕು ಓಡತೊಡಗಿದ ಮೇಲೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 200 ಲೀಟರಿನ ಟ್ಯಾಂಕಿನಿಂದ ಬೇಸಿಗೆಯಲ್ಲಿ, ಫ್ಯಾನ್ ಹಾಕಿದ ಕೋಣೆಯಲ್ಲಿ, ದಿನಕ್ಕೆ ನಾಲ್ಕು ಲೀಟರ್ ಹೋಯಿತೆಂದುಕೊಳ್ಳಿ. ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ 35 ಇದ್ದದ್ದು 38 ಆಗಿರುತ್ತದೆ. ತುಂಬಬೇಕಾದದ್ದು ಸಿಹಿನೀರನ್ನೇ, ಅದೂ ತೀರಾ ಶುದ್ಧವಾದದ್ದನ್ನು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಬರುವ ಬೋರ್‌ವೆಲ್ ನೀರು ಇದಕ್ಕೆ ಆಗದು. ಲೀಟರಿಗೆ 300 ಮಿಲಿಗ್ರಾಂ ಟಿಡಿಎಸ್ ಇರುವ ನೀರನ್ನು ದಿನಕ್ಕೆ ನಾಲ್ಕು ಲೀಟರಿನಂತೆ ಸೇರಿಸಿದರೆ ವರ್ಷಕ್ಕೆ 438 ಗ್ರಾಂ ಲವಣ ಒಳಹೋಗುತ್ತದೆ. ಅದರಲ್ಲಿ ಒಂದಷ್ಟು ಸುಣ್ಣವಾಗಿ ಕೂತೀತು, ಒಂದಷ್ಟು ನೀರು ಬದಲಿಸುವಾಗ ಹೋದೀತು, ಮಿಕ್ಕಿದ್ದು ಕಡಲಿನ ಪ್ರಮಾಣಕ್ಕೆ ಹೊಂದದ ಉಪ್ಪಾಗಿ ಉಳಿಯುತ್ತದೆ. ಮೀಟರ್ ಅದನ್ನೂ ಕಡಲುಪ್ಪೆಂದೇ ಎಣಿಸುತ್ತದೆ. ಮನೆಯ ಆರ್‌ಒ ನೀರೂ ಸಾಕಾಗದಿರಬಹುದು. ರುಚಿಗೆಂದು ಖನಿಜ ಬೆರೆಸುವ ಭಾಗ ಅದರಲ್ಲಿ ಇರುತ್ತದೆ. ಆ ಭಾಗ ಬಿಟ್ಟು, ಕೊನೆಗೆ ಉಳಿದ ಅಯಾನುಗಳನ್ನು ಹಿಡಿದಿಡುವ ಡಿಐ ರೆಸಿನ್ ದಾಟಿಸಿದ ನೀರು ಬೇಕು. ಸೊನ್ನೆಗೆ ಹತ್ತಿರವಿದೆಯೇ ಎಂದು ನೋಡಲು ಟಿಡಿಎಸ್ ಪೆನ್ನು ಬಳಕೆಗೆ ಬರುವುದು ಇಲ್ಲಿ.

ಉಡುಪಿ, ಕಾರವಾರದವರು ನೇರ ಸಮುದ್ರದ ನೀರನ್ನೇ ತರುವುದುಂಟು. ತರಲಿ, ಅಳಿವೆಯಿಂದ ದೂರ, ಮಳೆಗಾಲ ಕಳೆದ ಮೇಲೆ ತರುವುದು ಕ್ಷೇಮ. ಜೂನ್ ನಂತರ ನದಿಗಳು ತುಂಬಿ ಬಂದು ದಡದ ನೀರಿನ ಉಪ್ಪು ಇಳಿದಿರುತ್ತದೆ.

ತಪ್ಪು ಅಳತೆ ಇನ್ನೊಂದು ರೀತಿಯಲ್ಲಿಯೂ ಕಾಡುತ್ತದೆ. 35 ಪಿಪಿಟಿಯಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಮಿನಷ್ಟು. ಉಪ್ಪು 30ಕ್ಕೆ ಇಳಿದಿದ್ದರೆ ಅದು 360ಕ್ಕೆ ಇಳಿಯುತ್ತದೆ, ಮೆಗ್ನೀಸಿಯಮ್ಮೂ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಟೆಸ್ಟ್ ಕಿಟ್ಟಿನಲ್ಲಿ ಇದನ್ನು ಕಂಡು ಕ್ಯಾಲ್ಸಿಯಂ ಪುಡಿ ಸುರಿಯುವವರು ಮೊದಲು ಲವಣಾಂಶವನ್ನು ಇನ್ನೊಮ್ಮೆ ನೋಡಬೇಕು. ಉಪ್ಪು ಸರಿಯಾದರೆ ಉಳಿದವೂ ತಾವಾಗಿ ಸರಿಯಾಗುತ್ತವೆ.

ಜೀವಿಗಳನ್ನು ಆರಿಸುವಾಗ ಕಾನೂನಿನ ಮಾತೂ ಇದೆ. ನಮ್ಮ ಕಡಲಿನ ಕಲ್ಲುಹವಳಗಳು, ಕಡಲಕುದುರೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಕಿತ್ತು ತರುವಂತಿಲ್ಲ. ಕ್ಲೌನ್ ಮೀನುಗಳನ್ನು ಸೆರೆಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಟ್ಯಾಂಕಿನಲ್ಲಿ ಹುಟ್ಟಿದ ಮೀನೇ ಹೊಸಬರಿಗೆ ಒಳ್ಳೆಯದು.

ಮೀನು ಕೊಳ್ಳುವ ದಿನ ರಿಫ್ರಾಕ್ಟೋಮೀಟರ್ ಜೇಬಿನಲ್ಲಿರಲಿ. ಉಪ್ಪಿನ ಖರ್ಚು ಉಳಿಸಲಿಕ್ಕೂ ಪರಾವಲಂಬಿಗಳನ್ನು ಹದ್ದಿನಲ್ಲಿಡಲಿಕ್ಕೂ ಕೆಲವು ಅಂಗಡಿಗಳು ಲವಣಾಂಶವನ್ನು 25ರ ಹತ್ತಿರ ಇಟ್ಟಿರುತ್ತವೆ. ಅಲ್ಲಿಂದ ಬಂದ ಮೀನನ್ನು ನೇರವಾಗಿ 35ಕ್ಕೆ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಅದು ಸತ್ತಾಗ ರೋಗವೆಂದೇ ಎಲ್ಲರೂ ತಿಳಿಯುತ್ತಾರೆ. ಚೀಲದ ನೀರಿಗೆ ಹನಿಹನಿಯಾಗಿ ಟ್ಯಾಂಕಿನ ನೀರು ಬೆರೆಸುತ್ತ ಗಂಟೆಗಟ್ಟಲೆ ಕೂರುವುದೂ ಸರಿಯಲ್ಲ. ದೂರದ ಪ್ರಯಾಣದಲ್ಲಿ ಚೀಲದೊಳಗೆ ಅಮೋನಿಯಾ ಸೇರಿಕೊಂಡಿರುತ್ತದೆ. ಬಾಯಿ ಬಿಚ್ಚಿದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರಿ, ಆ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ಅಂಗಡಿಯವರ ಟ್ಯಾಂಕಿನ ನೀರನ್ನು ಅಲ್ಲೇ ಕೇಳಿ ಪಡೆದು ನಮ್ಮ ಉಪಕರಣದಲ್ಲೇ ಅಳೆಯಬೇಕು. ಮನೆಯಲ್ಲಿ ಒಂದು ಸಣ್ಣ ಕ್ವಾರಂಟೈನ್ ಟ್ಯಾಂಕನ್ನು ಅಷ್ಟೇ ಉಪ್ಪಿಗೆ ಸಿದ್ಧಪಡಿಸಿಕೊಂಡು, ಉಷ್ಣಾಂಶ ಹೊಂದಿಸಿ, ಮೀನನ್ನು ಅದಕ್ಕೆ ಬಿಟ್ಟರೆ ಕಾಯುವ ಅಗತ್ಯವೇ ಇರುವುದಿಲ್ಲ. ಅಲ್ಲಿಂದ ಮುಂದೆ ದಿನಕ್ಕೆ ಒಂದು ಪಿಪಿಟಿಗಿಂತ ಹೆಚ್ಚು ಏರಿಸದೆ, ಪ್ರತಿದಿನ ಅಳೆದು ಬರೆದಿಡುತ್ತ 35ಕ್ಕೆ ತರಬೇಕು. 25ರಿಂದ ಹೊರಟರೆ ಹತ್ತು ದಿನ ಹಿಡಿಯುತ್ತದೆ.